ಸೆಕ್ಟರಿನ ಅಂಚಿಗೆ ಬಂದು ನಿಂತ ಮಗು

ಚಂಡೀಗಢವನ್ನು ಹೊಗಳುವವರೂ ತೆಗಳುವವರೂ ವಾಸ್ತುಶಿಲ್ಪಿ ಲೆ ಕಾರ್ಬುಸಿಯರ್ ಅವರ ಕಾಂಕ್ರೀಟ್ ಕಟ್ಟಡಗಳ ಮುಂದೆಯೇ ನಿಂತುಬಿಡುತ್ತಾರೆ. ನನ್ನ ಮಟ್ಟಿಗೆ ಆ ನಗರದ ಮುಖ್ಯ ಕೃತಿ ಅದರ ಬಡಾವಣೆ-ಘಟಕವಾದ ಸೆಕ್ಟರ್. ಅದನ್ನು ಒರೆಗೆ ಹಚ್ಚಬೇಕಾದರೆ ಒಬ್ಬಂಟಿಯಾಗಿ ನಡೆದುಹೋಗುವ ಮಗುವನ್ನು ಮುಂದಿಟ್ಟುಕೊಂಡೇ ನೋಡಬೇಕು. ಏಕೆಂದರೆ ಅದರ ಮೂಲದಲ್ಲಿರುವ ಚಿಂತೆ ಮಕ್ಕಳದೇ. 1929ರಲ್ಲಿ ನ್ಯೂಯಾರ್ಕಿನ ಪ್ರಾದೇಶಿಕ ಯೋಜನೆಗಾಗಿ ಅಮೆರಿಕದ ಯೋಜಕ ಕ್ಲಾರೆನ್ಸ್ ಪೆರಿ ‘ನೆರೆಹೊರೆ ಘಟಕ’ದ ಕಲ್ಪನೆಯನ್ನು ಮಂಡಿಸಿದಾಗ, ಮೋಟಾರುಗಳಿಗೆ ಸಿಕ್ಕಿ ಸಾಯುತ್ತಿದ್ದ ಮಕ್ಕಳು ಅವರ ಕಣ್ಣಮುಂದಿದ್ದರು. ನಡುವೆ ಪ್ರಾಥಮಿಕ ಶಾಲೆ, ಅಂಚಿನಲ್ಲಿ ದೊಡ್ಡ ರಸ್ತೆ. ಆ ರಸ್ತೆ ದಾಟದೆ ಮಗು ಶಾಲೆ ಸೇರಬೇಕು. ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಟೊ ಕೋನಿಗ್ಸ್‌ಬರ್ಗರ್ 1948ರ ತಮ್ಮ ಭುವನೇಶ್ವರ ಯೋಜನೆಯಲ್ಲಿ ಇದನ್ನೇ ಬಳಸಿದರು. ಚಂಡೀಗಢಕ್ಕೆ ತಂದವರು ಅದರ ಮೊದಲ ಯೋಜಕ ಆಲ್ಬರ್ಟ್ ಮೇಯರ್. 1951ರಲ್ಲಿ ಕೆಲಸ ಕೈಗೆತ್ತಿಕೊಂಡ ಕಾರ್ಬುಸಿಯರ್ ಅದನ್ನು ನೇರ ಗೆರೆಗಳ ಚೌಕಟ್ಟಿಗೆ ಕೂರಿಸಿದರು.

ಸೆಕ್ಟರಿನ ಅಳತೆ 800 ಮೀಟರ್ ಅಗಲ, 1,200 ಮೀಟರ್ ಉದ್ದ. ನಟ್ಟನಡುವಿನಿಂದ ಯಾವ ಮೂಲೆಗೂ ಮುಕ್ಕಾಲು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಪುಟ್ಟ ಕಾಲಿಗೂ ನಿಲುಕುವ ದೂರ. ಒಳಗಿನ ರಸ್ತೆಗಳು, ಯೋಜನೆ ಅವಕ್ಕೆ ಕೊಟ್ಟ ಅಂಕಿಗಳಂತೆ, ಹಂತಹಂತವಾಗಿ ಕಿರಿದಾಗುತ್ತವೆ: ಅಂಗಡಿಸಾಲಿನ ವಿ-4, ಒಳಗೇ ಸುತ್ತುವ ವಿ-5, ಮನೆಬಾಗಿಲಿಗೆ ಹೋಗುವ ವಿ-6. ಹಸಿರು ಪಟ್ಟಿಯ ನಡುವೆ ಹಾಯುವ ವಿ-7 ನಡೆಯುವವರಿಗೆ, ಸೈಕಲ್ಲಿನವರಿಗೆ. ಮೊದಲು ಮೈದಳೆದ ಸೆಕ್ಟರ್ 22ರಲ್ಲಿ ವಾಸ್ತುಶಿಲ್ಪಿಗಳಾದ ಜೇನ್ ಡ್ರೂ, ಮ್ಯಾಕ್ಸ್‌ವೆಲ್ ಫ್ರೈ ಅವರು ಕೆಳದರ್ಜೆಯ ನೌಕರರ ಮನೆಗಳನ್ನೂ ಇದೇ ಏರ್ಪಾಡಿನೊಳಗೆ ತಂದರು. ಜವಾನರ ಮಕ್ಕಳಿಗೂ ಅಧಿಕಾರಿಗಳ ಮಕ್ಕಳಿಗೂ ಶಾಲೆಯ ದಾರಿ ಒಂದೇ ಆಗಬಹುದು ಎಂಬ ಆ ನಂಬಿಕೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಮಗು ಬೆಳೆಯುತ್ತದೆ. ಏಳು ವರ್ಷದವಳಿಗೆ ಸಾಕಾದ ಸೆಕ್ಟರ್ ಹನ್ನೆರಡರವಳಿಗೆ ಸಾಲದು. ಗೆಳತಿಯ ಮನೆ, ಟ್ಯೂಷನ್, ಸೆಕ್ಟರ್ 17ರ ಗ್ರಂಥಾಲಯ, ಸುಖ್ನಾ ಕೆರೆ ಎಲ್ಲವೂ ಅಂಚಿನಾಚೆ. ಅಂಚಿನಲ್ಲಿರುವುದು ವಿ-3, ಬಿರುಸಾಗಿ ಓಡುವ ವಾಹನಗಳಿಗೆಂದೇ ಎಳೆದ ರಸ್ತೆ. ಮನೆಗಳ ಬಾಗಿಲು ಅತ್ತ ತೆರೆಯಬಾರದೆಂಬುದೇ ಯೋಜನೆಯ ನಿಯಮ. ಹಾಗಾಗಿ ಮಗು ಅತ್ಯಂತ ಹೆಚ್ಚು ಅಪಾಯ ಎದುರಿಸುವ ಜಾಗದಲ್ಲೇ ಜಗುಲಿಯಿಲ್ಲ, ಅಂಗಡಿಯಿಲ್ಲ, ‘ಯಾರಮ್ಮಾ ನೀನು, ಎಲ್ಲಿಗೆ ಹೊರಟೆ?’ ಎಂದು ಕೇಳುವ ಹಿರಿಯರಿಲ್ಲ. ಬೀದಿಯ ಮೇಲೆ ಮನೆಯವರ, ಅಂಗಡಿಯವರ ಕಣ್ಣಿರಬೇಕೆಂದು ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ವಾದಿಸಿದ್ದು ಇಂಥ ಯೋಜನೆಗಳಿಗೆ ಎದುರಾಗಿಯೇ.

ರಸ್ತೆಗಳು ಕೂಡುವಲ್ಲಿ ಎಷ್ಟೋ ಕಡೆ ವೃತ್ತಗಳಿವೆ. ವಾಹನ ನಿಲ್ಲದೆ ಸಾಗಲೆಂದೇ ವೃತ್ತ ಇರುವುದು. ಅಲ್ಲಿ ನಡೆಯುವವರ ಸರದಿ ತಾನಾಗಿ ಬರುವುದೇ ಇಲ್ಲ.

ಆಗ ಕಾರುಗಳೇ ಕಡಿಮೆ, ಯೋಜಕರನ್ನು ದೂರಬೇಡಿ ಎನ್ನಬಹುದು. ಒಪ್ಪಲಾರೆ. ವೇಗಕ್ಕೆ ಅಂಚನ್ನು ಬಿಟ್ಟುಕೊಟ್ಟಿದ್ದು ತಿಳಿದೇ ಮಾಡಿದ ಆಯ್ಕೆ. ಕಾರುಗಳು ಹೆಚ್ಚಿದಾಗ ಬೆಲೆ ತೆತ್ತವರು ಕಾಲ್ನಡಿಗೆಯವರು. ಯೋಜಕರ ಕೈಮೀರಿದ್ದು ಶಾಲೆಯ ವಿಷಯ. ಶಿಕ್ಷಣ ಹಕ್ಕಿನ ನಿಯಮ ಐದನೇ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಲಿ ಎನ್ನುತ್ತದೆ. ಸೆಕ್ಟರ್ ಅದನ್ನು ದಶಕಗಳ ಮೊದಲೇ ಯೋಚಿಸಿತ್ತು. ಪಕ್ಕದ ಶಾಲೆ ಬಿಟ್ಟು ದೂರದ ಹೆಸರುವಾಸಿ ಶಾಲೆಗೆ ಮಕ್ಕಳನ್ನು ವ್ಯಾನು ಹತ್ತಿಸಿದರೆ ಯಾವ ನಕ್ಷೆ ತಾನೇ ಏನು ಮಾಡೀತು?

ನೆದರ್ಲೆಂಡ್ಸಿನ ಡೆಲ್ಫ್ಟ್ ಬೇರೆ ದಾರಿ ಹಿಡಿಯಿತು. ಅಲ್ಲಿ ರೂಪುಗೊಂಡು 1976ರಲ್ಲಿ ಕಾನೂನಿನ ಮನ್ನಣೆ ಪಡೆದ ವೂನೆರ್ಫ್ ಬೀದಿಯಲ್ಲಿ ವಾಹನ ನಡಿಗೆಯ ವೇಗಕ್ಕೆ ಇಳಿಯಬೇಕು. ಬೀದಿಯ ಇಡೀ ಅಗಲ ಆಡುವವರದು, ನಡೆಯುವವರದು. ವಿ-3ರಂಥ ವೇಗದ ರಸ್ತೆಗೆ ಅದನ್ನು ಹಾಗೆಯೇ ತರಲಾಗದು. ಆದರೆ ಚಂಡೀಗಢದ ಹಸಿರು ಪಟ್ಟಿಗಳು ಸೆಕ್ಟರಿನಿಂದ ಸೆಕ್ಟರಿಗೆ ನೇರವಾಗಿ ಮುಂದುವರಿಯುತ್ತವೆ. ಮಗು ನಡೆಯಬೇಕಾದ ದಾರಿ ನಕ್ಷೆಯಲ್ಲೇ ಇದೆ. ವಿ-7 ಬಂದು ವಿ-3ನ್ನು ಮುಟ್ಟುವ ಒಂದೊಂದು ಕಡೆಯೂ ರಸ್ತೆಯನ್ನು ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿ, ಕಿರಿದುಗೊಳಿಸಿ, ವಾಹನ ನಿಲ್ಲಲೇಬೇಕಾದಂತೆ ಮಾಡಬೇಕು, ಪಕ್ಕದಲ್ಲೊಂದು ಅಂಗಡಿಗೆ ಜಾಗ ಕೊಡಬೇಕು. ಪಾರಂಪರಿಕ ನಕ್ಷೆ, ಕೈಹಚ್ಚಬಾರದು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಆ ನಕ್ಷೆಯಲ್ಲಿ ಅರ್ಧಕ್ಕೆ ನಿಂತಿರುವುದು ಈ ದಾಟುದಾರಿಗಳೇ.