ಮೆಂಬರರ ಮನೆ ಬಾಗಿಲು

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳಲ್ಲಿ ನಗರಸಭೆ. ಬೀಳಗಿಯಲ್ಲಿ ಪಟ್ಟಣ ಪಂಚಾಯಿತಿ. ಬೋರ್ಡು ಬೇರೆ, ಸದಸ್ಯರ ಬೆಳಗು ಒಂದೇ. 'ಮೆಂಬರ್ರ, ನಳಕ್ಕ ನೀರ ಬಂದಿಲ್ರಿ' ಎಂಬ ಫೋನಿನಿಂದ ಅದು ಶುರುವಾಗುತ್ತದೆ. ಗಟಾರ ತುಂಬಿದೆ, ಕಂಬದ ದೀಪ ಹೋಗಿದೆ, ಆಸ್ತಿಯ ಉತಾರಕ್ಕೆ ಅರ್ಜಿ ಕೊಟ್ಟು ತಿಂಗಳಾಗಿದೆ. ಬನಹಟ್ಟಿಯ ನೇಕಾರ ಮಗ್ಗ ನಿಲ್ಲಿಸಿ ಕಚೇರಿಗೆ ಅಲೆದರೆ ಅಂದಿನ ದುಡಿಮೆ ಹೋಯಿತು. ಹಾಗಾಗಿ ಕಾಗದವನ್ನು ಮೆಂಬರರ ಕೈಗಿಡುತ್ತಾನೆ. ಅವರು ಅದನ್ನು ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುತ್ತಾರೆ.

ಇದು ನಿಜವಾದ ಸೇವೆ. ಆದರೆ ಶಿಫಾರಸಿಲ್ಲದೆ ಉತಾರ ಸಿಗದಿದ್ದರೆ ಅದು ಕಚೇರಿಯ ಸೋಲು. ಈ ಓಡಾಟದಲ್ಲೇ ದಿನ ಕಳೆದ ಸದಸ್ಯರಿಗೆ ಬಜೆಟ್, ಕರದ ದರ, ಕಾಮಗಾರಿಯ ಠರಾವುಗಳನ್ನು ಓದಲು ಪುರಸೊತ್ತೆಲ್ಲಿ?

ಗೌರವಧನ ತೀರಾ ಕಡಿಮೆ. ಓಣಿಯವರ ಮರ್ಯಾದೆ, ಮದುವೆ ಪತ್ರಿಕೆಯಲ್ಲೊಂದು ಹೆಸರು, ಮುಂದಿನ ರಾಜಕೀಯಕ್ಕೊಂದು ಮೆಟ್ಟಿಲು: ಸಿಗುವುದು ಇಷ್ಟು. ದೊಡ್ಡ ಫಲವೆಂದರೆ 30 ತಿಂಗಳ ಅಧ್ಯಕ್ಷ ಸ್ಥಾನ. ಅದರ ಚುನಾವಣೆಯಲ್ಲಿ ಶಾಸಕರಿಗೂ ಸಂಸದರಿಗೂ ಮತವಿದೆ. 2020ರ ನವೆಂಬರ್‌ನಲ್ಲಿ ಪಕ್ಕದ ಮಹಾಲಿಂಗಪುರ ಪುರಸಭೆಯಲ್ಲಿ ಆ ಚುನಾವಣೆಯ ದಿನ ಸದಸ್ಯೆಯೊಬ್ಬರನ್ನು ಎಳೆದಾಡಿದ ವಿಡಿಯೊವನ್ನು ನಾಡೇ ನೋಡಿತು. ಗೆದ್ದು ಬಂದ ಹೆಣ್ಣುಮಗಳಿಗೆ ಸಿಕ್ಕ ಮರ್ಯಾದೆ ಅದು!

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಕಾಯಿಸಿದ್ದು. ಸದಸ್ಯರ ಆಯ್ಕೆಗೆ 2018ರ ಆಗಸ್ಟ್ 31ರಂದು ಮತದಾನ, ಸೆಪ್ಟೆಂಬರ್ 3ಕ್ಕೆ ಫಲಿತಾಂಶ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಕೋರ್ಟಿಗೆ ಹೋಗಿ, ಅಧಿಕಾರ ಸಿಗಲು ಎರಡು ವರ್ಷ ಹಿಡಿಯಿತು. ಈ ನಡುವೆಯೇ, 2019ರ ಆಗಸ್ಟ್‌ನಲ್ಲಿ, ಕೃಷ್ಣೆ ಮತ್ತು ಘಟಪ್ರಭೆ ಉಕ್ಕಿ ಹರಿದವು. ನೀರು ಹೊಕ್ಕ ಮನೆಯವರು ಗೆಲ್ಲಿಸಿದವರನ್ನೇ ಹುಡುಕಿಕೊಂಡು ಬಂದರು. ಆದರೆ ಗೆದ್ದವರಿಗೆ ಕೂತು ನಿರ್ಣಯ ಮಾಡಲು ಸಭೆಯೇ ಇರಲಿಲ್ಲ, ಆಡಳಿತಾಧಿಕಾರಿಯ ಆಳ್ವಿಕೆ. ಅಧ್ಯಕ್ಷರ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೂ ಅದೇ ಕತೆ: ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಸ್ಥಳೀಯ ಸರ್ಕಾರಕ್ಕೆ ಸಂವಿಧಾನದ 74ನೇ ತಿದ್ದುಪಡಿ ಕೊಟ್ಟ ಸ್ಥಾನವನ್ನು ರಾಜ್ಯ ಸರ್ಕಾರ ಇಷ್ಟು ಹಗುರವಾಗಿ ಕಾಣಬಾರದಿತ್ತು.

ಅದೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಹಾಗೂ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಈ ನಾಲ್ಕೂ ಊರು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಬಜೆಟ್ ಸಭೆಗೆ ಮುಂಚೆ ಓಣಿಯವರನ್ನು ಗುಡಿಯ ಕಟ್ಟೆಗೆ ಕರೆದು, ತಮ್ಮ ವಾರ್ಡಿಗೆ ಎಷ್ಟು ದುಡ್ಡು ಬಂತು, ಯಾವ ರಸ್ತೆಗೆ ಹೋಯಿತು ಎಂದು ಓದಿ ಹೇಳಲು ಯಾವ ಮೆಂಬರರಿಗೂ ಕಾನೂನು ಅಡ್ಡ ಬರುವುದಿಲ್ಲ.