ಮಾಜಿ ಸೈನಿಕರಿಗೆ ಗಾಂಜಾ ಮದ್ದು: ಅಗ್ಗವಾದರೆ ಸಾಕೆ?

ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಸೈನ್ಯ ಹೊಸದಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಹೂತುಹೋಗಿ, ದಿನಗಳ ನಂತರ ಜೀವಂತವಾಗಿ ಸಿಕ್ಕು, ಕೊನೆಗೂ ಉಳಿಯದೆಹೋದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಅಂಥ ಗಡಿಗಳಲ್ಲಿ ದುಡಿದು ಮರಳಿದವರು ನಿಮ್ಮ ಊರಿನಲ್ಲಿಯೂ ಇರಬಹುದು. ಸೇವೆ ಮುಗಿದರೂ ಮೊಣಕಾಲು, ಬೆನ್ನಿನ ಬೇನೆ ಮುಗಿಯುವುದಿಲ್ಲ. ಕೆಲವರಿಗೆ ರಾತ್ರಿ ನಿದ್ದೆಯೂ ಹತ್ತುವುದಿಲ್ಲ.

ಇಂಥವರಿಗೆ ಗಾಂಜಾದಿಂದ ಮಾಡಿದ ಮದ್ದು ಕಡಿಮೆ ಬೆಲೆಗೆ ಸಿಗಬೇಕು ಎಂಬ ಕೂಗು ವಿದೇಶಗಳಲ್ಲಿ ಎದ್ದಿದೆ. ಕೆನಡಾ ಸರಕಾರ ಮಾಜಿ ಸೈನಿಕರ ಗಾಂಜಾ ಖರ್ಚನ್ನು ತಾನೇ ಭರಿಸುತ್ತ ಬಂದಿತು. ದಿನಕ್ಕೆ 10 ಗ್ರಾಂವರೆಗೆ ಕೊಡುವುದಕ್ಕೆ ವೈಜ್ಞಾನಿಕ ಆಧಾರ ಸಾಲದು ಎಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದ ಮೇಲೆ, 2016ರಲ್ಲಿ ಮಿತಿಯನ್ನು 3 ಗ್ರಾಂಗೆ ಇಳಿಸಿ, ಗ್ರಾಂಗೆ 8.50 ಡಾಲರ್ ದರ ಗೊತ್ತುಪಡಿಸಿತು. ಈ ಪ್ರಸಂಗವನ್ನು ಗಮನಿಸಿ. ಬೆಲೆಯ ಚರ್ಚೆ ಮೊದಲು ನಡೆಯಿತು, ಪ್ರಮಾಣದ ಚರ್ಚೆ ಆಮೇಲೆ ಬಂತು. ಕ್ರಮ ತಲೆಕೆಳಗಾಗಿತ್ತು. ನಮ್ಮಲ್ಲಿಯೂ ಅದೇ ಬೇಡಿಕೆ ಬರುವ ಮೊದಲು ಈ ಮದ್ದನ್ನು ಒರೆಗೆ ಹಚ್ಚುವುದು ಒಳ್ಳೆಯದು.

ಪುರಾವೆ ಏನು ಹೇಳುತ್ತದೆ?

ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ರಾಸಾಯನಿಕವನ್ನು 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ನಮ್ಮ ಮಿದುಳೇ ತಯಾರಿಸುವ, ಅದೇ ಗ್ರಾಹಕಗಳ ಮೇಲೆ ಕೆಲಸ ಮಾಡುವ ಇನ್ನೊಂದು ವಸ್ತು 1992ರಲ್ಲಿ ಪತ್ತೆಯಾಯಿತು. ಸಂಸ್ಕೃತದ 'ಆನಂದ' ಪದದಿಂದ ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟರು. ಆದ್ದರಿಂದ ಗಾಂಜಾಕ್ಕೆ ನೋವಿನ ಮೇಲೆ ಪರಿಣಾಮವಿದೆ ಎಂಬುದು ಬರೀ ಕಟ್ಟುಕತೆಯಲ್ಲ. ಆದರೆ ಪರಿಣಾಮವಿರುವುದು ಬೇರೆ, ಔಷಧವಾಗುವುದು ಬೇರೆ.

ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ ದೀರ್ಘಕಾಲದ ನೋವಿಗೆ ಗಾಂಜಾದಿಂದ ಉಪಯೋಗವಿದೆ ಎಂದಿತು. 2021ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ಅದೇ ಬಗೆಯ ಪುರಾವೆಗಳನ್ನು ತೂಗಿ ನೋಡಿ, ಶಿಫಾರಸು ಮಾಡುವಷ್ಟು ಗಟ್ಟಿತನ ಅವುಗಳಲ್ಲಿಲ್ಲ ಎಂದಿತು. ಯುದ್ಧದ ಆಘಾತ ಮನಸ್ಸಿನಲ್ಲಿ ಉಳಿದು ಕಾಡುವ ಕಾಯಿಲೆಗಂತೂ ಆಧಾರ ಇನ್ನೂ ದುರ್ಬಲ. ಅದೇ ವರ್ಷ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ 80 ಮಾಜಿ ಸೈನಿಕರಿಗೆ ಮೂರು ವಾರ ಗಾಂಜಾ ಅಥವಾ ಹುಸಿಮದ್ದು ಕೊಡಲಾಯಿತು. ಎಲ್ಲ ಗುಂಪುಗಳೂ ಸುಧಾರಿಸಿದವು, ಹುಸಿಮದ್ದಿನ ಗುಂಪೂ ಸೇರಿ! ಎರಡರ ನಡುವೆ ಗಣನೀಯ ಅಂತರ ಕಾಣಲಿಲ್ಲ. ಈ ಕಾಯಿಲೆಗೆ ಗಾಂಜಾ ಕೊಡಬಾರದೆಂದು ಅಲ್ಲಿಯ ಸೇನಾ ವೈದ್ಯಕೀಯ ಮಾರ್ಗಸೂಚಿ 2023ರಲ್ಲಿ ಹೇಳಿತು.

ನಮ್ಮ ಕಾನೂನು, ನಮ್ಮ ಭಂಗಿ

1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಿಡದ ಹೂ, ಕಾಯಿಗಳ ತುದಿಯೇ ಗಾಂಜಾ. ಬೇರ್ಪಡಿಸಿದ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗಿವೆ. ಹಾಗೆಂದು ಅನುಮತಿಯಿಲ್ಲದೆ ಗಿಡ ಬೆಳೆಯುವಂತಿಲ್ಲ. ಆಯುರ್ವೇದದಲ್ಲಿ ಈ ಎಲೆಗೆ 'ವಿಜಯಾ' ಎಂಬ ಹೆಸರಿದೆ. ಅದೇ ಭಂಗಿಯನ್ನು ಔಷಧ ನಿಯಮಗಳು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿವೆ. ಎಂದರೆ ಅದನ್ನು ವೈದ್ಯರ ಉಸ್ತುವಾರಿಯಲ್ಲಿ ಮಾತ್ರ ಬಳಸಬೇಕು.

"ಹಾಗಾದರೆ ಹಿತ್ತಲ ಗಿಡವೇ ಮದ್ದಾಗಲಿ, ಖರ್ಚೇ ಇಲ್ಲವಲ್ಲ" ಎನ್ನುವವರಿದ್ದಾರೆ. ನವಲಗುಂದದ ಎರೆಹೊಲದ ಕಡಲೆ ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬರುವುದಿಲ್ಲ. ಗಾಂಜಾ ಗಿಡದಲ್ಲಿ ಟಿಎಚ್‌ಸಿ ಅಂಶವೂ ಹಾಗೆಯೇ ತಳಿಗೆ, ಮಣ್ಣಿಗೆ, ಕೊಯ್ಲಿನ ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಅಳತೆ ಗೊತ್ತಿಲ್ಲದ ಮದ್ದು ಎಷ್ಟು ಅಗ್ಗವಾದರೂ ದುಬಾರಿಯೇ. ಹೆಚ್ಚಾದರೆ ಎದೆಬಡಿತ ಏರಿ ಭ್ರಮೆ ಹುಟ್ಟಬಹುದು, ಕ್ರಮೇಣ ಚಟವೂ ಅಂಟಬಹುದು.

ಮಾರ್ಫಿನ್ ಕಲಿಸಿದ ಪಾಠ

ಹಾಗೆಂದು ಭಯವೇ ಜಾಣತನವಲ್ಲ. ಕ್ಯಾನ್ಸರಿನ ಕಡುಬೇನೆಗೆ ಮಾರ್ಫಿನ್ ಪರೀಕ್ಷಿತ ಔಷಧ, ಗುಳಿಗೆಯ ಬೆಲೆಯೂ ಕಡಿಮೆ. ಅದರ ಮೂಲವಾದ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿಯಲ್ಲೇ ಬೆಳೆಯುತ್ತಾರೆ. ಆದರೂ 1985ರ ಕಾಯ್ದೆಯ ನಂತರ ಹಲವಾರು ಪರವಾನಗಿಗಳ ಗೊಡವೆ ಬೇಡವೆಂದು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ಈ ಗೋಜಲನ್ನು ಸಡಿಲಿಸಿತು. ಅಲ್ಲಿಯವರೆಗೆ ನರಳಿದವರ ಪಾಲಿಗೆ ಅಗ್ಗದ ಬೆಲೆ ಯಾವ ಉಪಯೋಗಕ್ಕೂ ಬರಲಿಲ್ಲ. ಔಷಧ ಕೈಗೆ ಸಿಗದಿದ್ದರೆ ಬೆಲೆ ಇಳಿದು ಫಲವೇನು?

ನಿಜವಾದ ಖರ್ಚು ಎಲ್ಲಿದೆ?

ಪಿಂಚಣಿದಾರ ಸೈನಿಕರಿಗೆ 2003ರಲ್ಲಿ ಆರಂಭವಾದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ ಇದೆ. ಅದರ ಪಾಲಿಕ್ಲಿನಿಕ್‌ನಲ್ಲಿ ಔಷಧಕ್ಕೆ ಹಣ ಕೊಡಬೇಕಿಲ್ಲ. ಆದರೆ ಅಣ್ಣಿಗೇರಿಯಿಂದಲೋ ಕಲಘಟಗಿಯ ಒಳಹಳ್ಳಿಯಿಂದಲೋ ನಗರಕ್ಕೆ ಹೋಗಿಬರಲು ಒಂದು ದಿನ ಬೇಕು. ಬಸ್ ಚಾರ್ಜು, ಜೊತೆಗೆ ಬರುವ ಮಗನ ದಿನಗೂಲಿ, ಹೊಲದ ಕೆಲಸ ಇವು ಯಾವ ದರಪಟ್ಟಿಯಲ್ಲಿಯೂ ಇರುವುದಿಲ್ಲ. ಆದ್ದರಿಂದಲೇ ಹಲವರು ಊರಿನ ಅಂಗಡಿಯ ನೋವಿನ ಗುಳಿಗೆ ನುಂಗುತ್ತಾ ಕಾಲ ತಳ್ಳುತ್ತಾರೆ. ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಹಾನಿ.

ಮನಸ್ಸಿನ ಆಘಾತಕ್ಕೆ ಮಾತಿನ ಚಿಕಿತ್ಸೆ ಮತ್ತು ಪರೀಕ್ಷಿತ ಔಷಧಗಳಿವೆ. ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ, ಖರ್ಚಿಲ್ಲದೆ ಮಾತನಾಡಬಹುದು.

ಓದುಗರೇ, ಗಾಂಜಾ ಸಂಶೋಧನೆಗೆ ನಾವು ವಿರೋಧಿಗಳಲ್ಲ. ಭಾರತೀಯ ರೋಗಿಗಳ ಮೇಲೆ ಸರಿಯಾದ ಪ್ರಯೋಗ ನಡೆಯಲಿ. ಗುಣ ಸಾಬೀತಾದರೆ ಪ್ರಮಾಣೀಕರಿಸಿದ ಮದ್ದು ಯೋಜನೆಯ ಪಟ್ಟಿಗೆ ಸೇರಲಿ, ಆಗ ಅದು ಉಚಿತವಾಗಿಯೇ ಸಿಗಲಿ. ಅಲ್ಲಿಯವರೆಗೆ ಕೇಳಬೇಕಾದದ್ದು ಬೇರೆ: ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ನೋವಿನ ಚಿಕಿತ್ಸೆ, ಅಲ್ಲಿಯೇ ಯೋಜನೆಯ ಔಷಧ ವಿತರಣೆ. ಹಿಮದಲ್ಲಿ ನಿಂತು ಕಾಲು ಸೋತವನನ್ನು ಒಂದು ಗುಳಿಗೆಗಾಗಿ ಬಸ್ ನಿಲ್ದಾಣದಲ್ಲಿ ಮತ್ತೆ ನಿಲ್ಲಿಸುವುದು ಸರಿಯೇ? ನಿಮ್ಮ ಊರಿನ ಮಾಜಿ ಸೈನಿಕರನ್ನೇ ಕೇಳಿ ನೋಡಿ.