ಪಿಳ್ಳೈ ಮಾಸ್ಟರೂ ಧಾರವಾಡದ ನಾನೂ

1984ರಲ್ಲಿ ಬ್ಯಾಂಕಿನ ನೌಕರಿಗೆಂದು ಧಾರವಾಡ ಬಿಟ್ಟು ಮುಂಬಯಿಗೆ ಬಂದೆ. ಒಂದೇ ವಾರದಲ್ಲಿ ಶಾಖೆಯವರಿಗೆಲ್ಲ ‘ಮದ್ರಾಸಿ’ ಆದೆ. ಮದ್ರಾಸನ್ನು ನಾನು ಕಂಡೇ ಇರಲಿಲ್ಲ. ಧಾರವಾಡವಂತೂ 1956ರವರೆಗೆ ಮುಂಬಯಿ ರಾಜ್ಯದ್ದೇ ಜಿಲ್ಲೆ! ಆದರೆ ಯಾರಿಗೆ ಹೇಳೋಣ? ಅವರ ಮದ್ರಾಸಿ ಭೂಗೋಳದಿಂದ ಬಂದವನಲ್ಲ, ಸಿನಿಮಾದಿಂದ ಬಂದವನು.

ಆ ಮದ್ರಾಸಿಯನ್ನು ನೋಡಬೇಕಾದರೆ 1968ರ ‘ಪಡೋಸನ್’ ನೋಡಬೇಕು. ಮೆಹಮೂದ್ ಅದರಲ್ಲಿ ಸಂಗೀತದ ಮಾಸ್ಟರ್ ಪಿಳ್ಳೈ. ಜುಟ್ಟು, ಪಂಚೆ, ಎಳೆದೆಳೆದು ಆಡುವ ಹಿಂದಿ. ನಗು ಬರುತ್ತದೆ, ನಾನೂ ನಕ್ಕಿದ್ದೇನೆ. ಆದರೆ ಕಿಟಕಿಯ ಆಚೆಈಚೆ ನಡೆಯುವ ಹಾಡಿನ ಪಂದ್ಯವನ್ನು ಸ್ವಲ್ಪ ಗಮನಿಸಿ. ಪಿಳ್ಳೈ ಸ್ವಂತ ಕಂಠದಲ್ಲಿ ಹಾಡುತ್ತಾನೆ. ನಾಯಕ ಸುನಿಲ್ ದತ್ ಬರೀ ಬಾಯಿ ಆಡಿಸುತ್ತಾನೆ. ಹಾಡುವವನು ಹಿಂದೆ ಅಡಗಿ ಕೂತ ಗೆಳೆಯ ಕಿಶೋರ್ ಕುಮಾರ್. ಕತೆಯಲ್ಲಿ ವಿದ್ಯೆ ಇದ್ದವನು ಸೋಲುತ್ತಾನೆ, ಇಲ್ಲದವನು ಗೆಲ್ಲುತ್ತಾನೆ. ನಾವು ಗೆದ್ದವನಿಗೆ ಚಪ್ಪಾಳೆ ಹೊಡೆಯುತ್ತೇವೆ. ಯಾಕೆ? ಸೋತವನಿಗೆ ಜುಟ್ಟಿದೆ, ಅದಕ್ಕೆ!

ಊರಿಂದ ಬಂದಿದ್ದ ನಮ್ಮ ಅವ್ವ ಒಮ್ಮೆ ಟೀವಿಯಲ್ಲಿ ಇದನ್ನು ನೋಡಿದಳು. ಹಿಂದಿ ಬಾರದು. “ಅಂವಾ ಛಲೋ ಹಾಡಾಕತ್ತಾನಲ್ಲೋ, ನೀವೆಲ್ಲಾ ಯಾಕ ನಗಾಕತ್ತೀರಿ?” ಅಂದಳು. ಪಿಳ್ಳೈಗೆ ಕಂಠ ಕೊಟ್ಟವರು ಮನ್ನಾ ಡೇ. ವೇಷ ಅಡ್ಡ ಬರದೆ ಅವರನ್ನು ಕೇಳಿಸಿಕೊಂಡವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ.

ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ಕರಾವಳಿಯ ಹುಡುಗರು ಈ ಮುಂಬಯಿಯಲ್ಲಿ ಎಷ್ಟು ಜನ! ಅವರ ಕತೆ ಹಿಂದಿ ಪರದೆಗೆ ಬರಲಿಲ್ಲ. ಬಂದದ್ದು 2013ರ ‘ಚೆನ್ನೈ ಎಕ್ಸ್‌ಪ್ರೆಸ್’. ಜುಟ್ಟಿನ ಜಾಗದಲ್ಲಿ ಮಚ್ಚು, ಅಷ್ಟೇ. ಅದರ ನಿರ್ದೇಶಕ ರೋಹಿತ್ ಶೆಟ್ಟಿ ನಮ್ಮ ಕರಾವಳಿ ಮೂಲದ ಮನೆತನದವರೇ. ಹಾಗಾಗಿ ಇದು ಬರೀ ಉತ್ತರದವರ ತಪ್ಪು ಅನ್ನುವಂತಿಲ್ಲ.

ಊರಿನ ಓದುಗರೇ, ಈಗ ನಮ್ಮ ಕನ್ನಡ ಸಿನಿಮಾಕ್ಕೆ ಬನ್ನಿ. ನನ್ನ ಧಾರವಾಡದ ಮಾತು ಅಲ್ಲಿ ಎಷ್ಟು ಸಲ ನಾಯಕನ ಬಾಯಲ್ಲಿ ಬಂದಿದೆ? ಹೆಚ್ಚಾಗಿ ನಗಿಸುವವನ ಬಾಯಲ್ಲಿ. ಮಂಗಳೂರು ಕನ್ನಡದ ಪಾಡೂ ಅದೇ. ಬಡ್ಡಿ ವ್ಯಾಪಾರಕ್ಕೆ ಒಬ್ಬ ಮಾರವಾಡಿ ಸೇಠ್, ಚಹಾದಂಗಡಿಗೆ ಒಬ್ಬ ಮಲಯಾಳಿ ತಯಾರು. ಮುಂಬಯಿಯಲ್ಲಿ ‘ಮದ್ರಾಸಿ’ ಅನ್ನಿಸಿಕೊಂಡಾಗ ಚುಚ್ಚಿದ್ದು, ರಜೆಯಲ್ಲಿ ಬೆಂಗಳೂರಿನ ಥಿಯೇಟರಿನಲ್ಲಿ ನನ್ನ ಭಾಷೆಗೇ ಜನ ನಕ್ಕಾಗ ಇನ್ನೂ ಜಾಸ್ತಿ ಚುಚ್ಚಿತು.

ನಗಬೇಡಿ ಅನ್ನುವುದಿಲ್ಲ. ನಗುವ ಮುಂಚೆ ಅವ್ವನ ಪ್ರಶ್ನೆ ಒಮ್ಮೆ ಕೇಳಿಕೊಳ್ಳಿ. ಅಂವಾ ಛಲೋ ಹಾಡಾಕತ್ತಿರಬಹುದು.